ಜಗುಲಿಯ ಮೇಲೆ ಕುಡಿದ ಹಾಲು

ಮನುಷ್ಯನು ಮನೆ ಕಟ್ಟಲು ಕಲಿತ ದಿನದಿಂದ ನಾಗರಿಕತೆ ಆರಂಭವಾಯಿತೆಂದು ಬಲ್ಲವರು ಹೇಳುತ್ತಾರೆ. ಅದನ್ನು ಬಾಡಿಗೆಗೆ ಕೊಡಲು ಕಲಿತ ಮೇಲೆ ನಾಗರಿಕತೆ ಏನಾಯಿತೆಂದು ಅವರು ಹೇಳುವುದಿಲ್ಲ.

ಕಳೆದ ವಾರ ಕೊರಟಗೆರೆಯಲ್ಲಿ ಮಗಳ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸಿದೆವು. ಬೀದಿಯವರೆಲ್ಲ ಬಂದು ಕುಡಿದು ಹೋದರು. ಓನರೂ ನಮ್ಮ ಜನ, ಅಕ್ಕಪಕ್ಕದವರೂ ನಮ್ಮ ಜನ. ಒಲೆಯ ಮೇಲೆ ಚೆಲ್ಲಿ ಸೀದ ಹಾಲಿನ ವಾಸನೆ ಮೂಗಿಗೆ ಬಡಿದಾಗ ಮಾತ್ರ ನನಗೆ ನೆನಪಾದದ್ದು ಮಧುಗಿರಿಯ ಅಜ್ಜಿ...

ಆಗ ನಾನು ಹೊಸ ಮೇಷ್ಟ್ರು, ಹೊಸ ಗಂಡ. ಸಿರಾ ಕಡೆಯ ಹಳ್ಳಿಯಿಂದ ಮಧುಗಿರಿಗೆ ವರ್ಗವಾಗಿ ಬಂದಿದ್ದೆ. ಆ ಊರಿನಷ್ಟು ದೈವಭಕ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಎರಡು ಕೋಣೆ, ಒಂದು ಬಚ್ಚಲು ಉಳ್ಳವರೆಲ್ಲ ನಮ್ಮ ಮನೆದೇವರು ಯಾವುದೆಂದು ತಿಳಿಯಲು ಹಂಬಲಿಸುತ್ತಿದ್ದರು. ಹೇಳಿದ ಕೂಡಲೇ ನಮ್ಮ ಹಳ್ಳಿಯಲ್ಲಿ ಯಾವ ಬೀದಿ ಎಂದು ಕೇಳುತ್ತಿದ್ದರು. ಅದನ್ನೂ ಹೇಳಿದರೆ, ನಿನ್ನೆ ತಾನೇ ಯಾರೋ ಅಡ್ವಾನ್ಸ್ ಕೊಟ್ಟು ಹೋದದ್ದು ಅವರಿಗೆ ಥಟ್ಟನೆ ಜ್ಞಾಪಕಕ್ಕೆ ಬರುತ್ತಿತ್ತು.

ಬೆಟ್ಟದ ಕಡೆಯ ಬೀದಿಯಲ್ಲಿ ಒಬ್ಬ ಅಜ್ಜಿ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಗಂಡ ಇಲ್ಲ, ಮಕ್ಕಳಿಲ್ಲ; ಹಿಂಭಾಗದ ಅರ್ಧ ಮನೆ ಖಾಲಿ. ಅವಳೂ ಮನೆದೇವರು ಯಾವುದೆಂದೇ ಕೇಳಿದಳು. ಸುತ್ತಿ ಸುತ್ತಿ ಸಾಕಾಗಿದ್ದ ನನ್ನ ಹೆಂಡತಿ, “ಬುದ್ಧ, ಅಜ್ಜಿ” ಎಂದುಬಿಟ್ಟಳು.

“ಕೋಳಿ ಗೀಳಿ ಕೇಳ್ತಾನಾ?”

“ಏನೂ ಕೇಳಲ್ಲ.”

“ಪುಣ್ಯವಂತ್ರು ಬುಡು. ನಮ್ಮೋನು ವರ್ಷಕ್ಕೊಂದು ಕುರಿ ಕೇಳ್ತಾನೆ.”

ಆಮೇಲೆ ತಕರಾರಾಗುವುದು ಬೇಡವೆಂದು ನಾನೇ ಜಾತಿಯನ್ನು ಬಿಡಿಸಿ ಹೇಳಿದೆ. ಅಜ್ಜಿಯ ಕೈ ನಿಂತಿತು. ಪಕ್ಕದ ಮನೆಯ ಬಾಗಿಲ ಕಡೆ ಒಮ್ಮೆ ನೋಡಿದಳು. ಅಲ್ಲಿ ಅವಳ ಮೈದುನ ನಿಂತು ಕಿವಿಗೊಟ್ಟಿದ್ದ.

“ಸೋಮವಾರ ಚೆನ್ನಾಗೈತೆ. ಬಂದು ಹಾಲುಕ್ಸಿ,” ಎಂದಳು, ಅವನಿಗೂ ಕೇಳುವ ಹಾಗೆ.

ಅವಳು ಹಾಗೆ ಮಾಡಿದ್ದು ನ್ಯಾಯಕ್ಕೋ, ಮೈದುನನ ಮೇಲಿನ ಹಠಕ್ಕೋ ನನಗೆ ಇಂದಿಗೂ ತಿಳಿಯದು. ನಡುಗೋಡೆಯ ವಿಷಯಕ್ಕೆ ಇಬ್ಬರಿಗೂ ಹಳೇ ಜಗಳವಿತ್ತು. ಆ ಜಗಳಕ್ಕೆ ನಾನು ಋಣಿ.

ಸೋಮವಾರ ನನ್ನ ಹೆಂಡತಿ ಬೀದಿಗೆಲ್ಲ ಸಾಲುವಷ್ಟು ಲೋಟ ತೊಳೆದಿಟ್ಟಳು. ಹಾಲು ಉಕ್ಕಿತು, ಚೆಲ್ಲಿತು, ಸೀದಿತು. ಕರೆದವರಲ್ಲಿ ಒಬ್ಬರೂ ಬರಲಿಲ್ಲ. ಅವಳು ಲೋಟಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕತೊಡಗಿದಾಗ ಅಜ್ಜಿ ಬಂದಳು. ಒಂದು ಗುಟುಕು ಕುಡಿದು, “ನೀರು ಜಾಸ್ತಿ ಹುಯ್ದಿದ್ದೀಯ ಕಣಮ್ಮ” ಎಂದಳು. ಬಳಿಕ ಲೋಟ ಹಿಡಿದು ಹೊರಗೆ ಹೋಗಿ, ಜಗುಲಿಯ ಮೇಲೆ ಕಾಲು ಚಾಚಿ ಕುಳಿತಳು. ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತ ಆ ಒಂದು ಲೋಟ ಹಾಲನ್ನು ಎಷ್ಟು ಹೊತ್ತು ಕುಡಿದಳೆಂದರೆ, ಕೊನೆಗೆ ಅದು ಕೆನೆಗಟ್ಟಿ ತಣ್ಣಗಾಗಿರಬೇಕು... ಕುಡಿದವಳು ಎರಡನೆಯ ಲೋಟ ಕೇಳಿದಳು.

ಅದಕ್ಕೆ ಬೀದಿ ಬೆಲೆ ಕಟ್ಟಿತು. ಮೈದುನನ ಮಗಳ ಮದುವೆಗೆ ಅವಳನ್ನು ಕರೆಯಲಿಲ್ಲ. ಆ ಹುಡುಗಿಯನ್ನು ಎತ್ತಿ ಆಡಿಸಿದ್ದವಳು ಅಜ್ಜಿಯೇ. ಚಪ್ಪರ ನಮ್ಮ ಬಾಗಿಲವರೆಗೂ ಬಂದಿತ್ತು. ಅಜ್ಜಿ ಇಡೀ ದಿನ ಹಿತ್ತಿಲಲ್ಲಿ ನಮ್ಮ ಜೊತೆ ಕುಳಿತಿದ್ದಳು. ನಾವು ಮನೆ ಬಿಡುತ್ತೇವೆಂದು ಅವತ್ತೇ ಹೇಳಿದೆವು.

“ಸುಮ್ಕಿರು. ಪಾಯ್ಸ ಸೀದೋಗಿತ್ತಂತೆ,” ಎಂದಳು. ಕಣ್ಣು ಮಾತ್ರ ಚಪ್ಪರದ ಕಡೆಗೇ ಇತ್ತು...

ನಾವು ಬಿಡಲಿಲ್ಲ. ಮಗಳು ಹುಟ್ಟಿದ್ದು ಆ ಮನೆಯಲ್ಲಿರುವಾಗಲೇ. ಭಾನುವಾರ ಅಜ್ಜಿಯ ಕೋಳಿಸಾರಿನ ಘಮ ಬೀದಿಯ ತುದಿಗೆ ಮುಟ್ಟುತ್ತಿತ್ತು; ಒಂದು ಬಟ್ಟಲು ನಮ್ಮ ಬಾಗಿಲಿಗೂ ಮುಟ್ಟುತ್ತಿತ್ತು. ಮತ್ತೆ ವರ್ಗವಾಗಿ ಪಾವಗಡಕ್ಕೆ ಹೊರಟಾಗ, ಹೊಸ ಊರಲ್ಲಿ ಹಾಲಿಗೆ ನೀರು ಕಡಿಮೆ ಹುಯ್ಯುವಂತೆ ಅಜ್ಜಿ ನನ್ನ ಹೆಂಡತಿಗೆ ಬುದ್ಧಿ ಹೇಳಿದಳು. ಅಜ್ಜಿ ತೀರಿಕೊಂಡ ಸುದ್ದಿ ನಮಗೆ ತಲುಪುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ಈಗ ಮಗಳಿಗೆ ಮಧುಗಿರಿಯಲ್ಲೇ ಕೆಲಸ. ಮನೆ ಹುಡುಕುತ್ತ ಅದೇ ಬೀದಿಗೆ ಕರೆದುಕೊಂಡು ಹೋದೆ. ಅಜ್ಜಿಯ ಮನೆ ಈಗ ಮೈದುನನ ಮೊಮ್ಮಗನ ಪಾಲಿಗೆ ಬಂದಿದೆ. ಜಗುಲಿ ಒಡೆದು ಗ್ರಿಲ್ ಹಾಕಿಸಿದ್ದಾನೆ. ಗ್ರಿಲ್‌ಗೆ ಒಂದು ಬೋರ್ಡು: ‘ಮನೆ ಬಾಡಿಗೆಗೆ ಇದೆ. ಸಸ್ಯಾಹಾರಿಗಳಿಗೆ ಮಾತ್ರ.’ ಅಜ್ಜಿಯ ಒಲೆ ಉರಿಯುತ್ತಿದ್ದ ಮನೆಗೆ ಇಂಥ ವೈರಾಗ್ಯ ಬಂದದ್ದು ಕಂಡು ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಹುಡುಗ ಮರ್ಯಾದಸ್ಥ. ಕುರ್ಚಿ ಹಾಕಿ ಕೂರಿಸಿದ, ಸಾರ್ ಎಂದ. ಆಮೇಲೆ ಮಗಳ ಕಡೆ ತಿರುಗಿ, “ನಿಮ್ ಮನೆದೇವ್ರು ಯಾವ್ದು ಮೇಡಂ?” ಎಂದು ಕೇಳಿದ. ಅವಳು ತನ್ನ ತಾಯಿ ಕೊಟ್ಟ ಉತ್ತರವನ್ನೇ ಕೊಟ್ಟಳು. ಮನೆಯಲ್ಲಿ ಕೇಳಿ ಫೋನ್ ಮಾಡುವುದಾಗಿ ಅವನು ಹೇಳಿದ.

ಫೋನ್ ಬರಲಿಲ್ಲ. ಮಗಳು ದಿನಾ ಕೊರಟಗೆರೆಯಿಂದ ಮಧುಗಿರಿಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ.