ಎರಡು ಇಂಚು, ಒಂದು ನೂಲೂ ಹೆಚ್ಚಿಲ್ಲ

ಬೆಳಿಗ್ಗೆ ಐದೂಕಾಲು. ನರಸಿಂಹರಾಜಪುರದಿಂದ ಬಾಳೆಹೊನ್ನೂರಿಗೆ ಹೋಗುವ ರಸ್ತೆಯ ಪಕ್ಕ, ಮರದ ಮಿಲ್ಲಿನ ಹಿಂದಿನ ಓಣಿಯಲ್ಲಿ ಕೊನೆಯ ಮನೆ. ಆ ಮನೆಗೆ ತಾಗಿಸಿ ಇಳಿಸಿದ ಶೀಟಿನ ಮಾಡಿನ ಕೆಳಗೆ ಮರುಳಸಿದ್ದಪ್ಪ ಕುಕ್ಕರುಗಾಲಲ್ಲಿ ಕೂತು ತಲೆಯ ಮೇಲಿನ ಬಲ್ಬನ್ನೇ ನೋಡುತ್ತಿದ್ದಾರೆ. ಬಲ್ಬಿನ ಹಳದಿ ಬೆಳಕು ನಿಧಾನವಾಗಿ ಬೆಳ್ಳಗಾಗುತ್ತದೆ. ಅವರು ಕಾಫಿ ಲೋಟವನ್ನು ಪಕ್ಕಕ್ಕಿಟ್ಟು ಏಳುತ್ತಾರೆ.

"ಈ ಬಲ್ಬೇ ನನ್ನ ಮೀಟರು. ಇದು ಬೆಳ್ಳಗೆ ಉರಿದ್ರೆ ಕರೆಂಟು ಗಟ್ಟಿ ಇದೆ ಅಂತ. ಏಳೂವರೆ ಆಯ್ತು ಅಂದ್ರೆ ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ ಎಲ್ಲ ಶುರುವಾಗ್ತದೆ. ಆಮೇಲೆ ಬೆಸುಗೆ ಹಾಕಿದ್ರೆ ಕಬ್ಬಿಣ ಅದನ್ನ ಕುಡಿಯೋದಿಲ್ಲ, ಮೇಲೆ ಮೇಲೆ ಅಂಟಿಕೊಂಡು ಕೂತಿರ್ತದೆ ಅಷ್ಟೆ" ಎನ್ನುತ್ತಾ ಅವರು ಕಪ್ಪು ಗಾಜಿನ ಮರೆಯನ್ನು ಮುಖಕ್ಕೆ ಹಿಡಿಯುತ್ತಾರೆ.

ಮುಂದೆ ಮರದ ದಿಮ್ಮಿಯ ಮೇಲೆ ಜೀಪಿನ ಕಬ್ಬಿಣದ ಚಕ್ರವೊಂದು ಮಲಗಿದೆ. ಟೈರು ಇಲ್ಲ, ಬಣ್ಣವನ್ನೂ ಕೆರೆದು ತೆಗೆದಾಗಿದೆ. ಹಿಂದಿನ ದಿನವೇ ಚಕ್ರದ ಸುತ್ತುಬಳೆಯನ್ನು ಗರಗಸದಲ್ಲಿ ಉದ್ದಕ್ಕೂ ಕೊಯ್ದು ಎರಡು ಮಾಡಿದ್ದಾರೆ. ಎರಡರ ನಡುವೆ ಎರಡು ಇಂಚು ಅಗಲದ ಉಕ್ಕಿನ ಪಟ್ಟಿಯನ್ನು ಬಳೆಯಂತೆ ಬಗ್ಗಿಸಿ ಕೂರಿಸಿದ್ದಾರೆ. ಈಗ ಅದನ್ನು ಒಂದು ಮಾಡಬೇಕು. ಮರುಳಸಿದ್ದಪ್ಪ ಒಂದು ಕಡೆ ಬೆರಳುದ್ದ ಬೆಸೆಯುತ್ತಾರೆ, ಎದ್ದು ಸುತ್ತಿ ಬಂದು ಅದರ ಎದುರು ದಿಕ್ಕಿಗೆ ಬೆರಳುದ್ದ ಬೆಸೆಯುತ್ತಾರೆ. ಒಂದೇ ಕಡೆಯಿಂದ ಸುತ್ತಿಕೊಂಡು ಹೋದರೆ ಕಾವಿಗೆ ಕಬ್ಬಿಣ ಸೊಟ್ಟಗಾಗುತ್ತದಂತೆ. ಹೀಗೆ ಒಂದು ಚಕ್ರಕ್ಕೆ ಒಳಗೂ ಹೊರಗೂ ಸೇರಿ ಹದಿನಾರು ಅಡಿ ಬೆಸುಗೆ, ಮೂವತ್ತರ ಆಸುಪಾಸು ವೆಲ್ಡಿಂಗ್ ರಾಡು, ಒಂದೂವರೆ ದಿನದ ಕೆಲಸ. ವಾರಕ್ಕೆ ನಾಲ್ಕು ಚಕ್ರವಾದರೆ ಅವರ ಲೆಕ್ಕದಲ್ಲಿ ಅದು ಒಳ್ಳೆಯ ವಾರ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಮಣ್ಣಿನ ರಸ್ತೆಗಳಲ್ಲಿ ಓಡುವ ಜೀಪುಗಳ ಪೈಕಿ ಎಷ್ಟರ ಕೆಳಗೆ ಈ ಮಾಡಿನಿಂದ ಹೊರಬಿದ್ದ ಚಕ್ರಗಳಿವೆ ಎಂದು ಯಾರೂ ಎಣಿಸಿಲ್ಲ. ಚಕ್ರಗಳು ಸಾವಿರದ ಮೇಲಿರಬಹುದು ಎನ್ನುತ್ತಾರೆ ಮರುಳಸಿದ್ದಪ್ಪ. ಕಂಪನಿಯಿಂದ ಬರುವ ಜೀಪಿನ ಚಕ್ರ ಸಪೂರ. ಅದಕ್ಕೆ ಅಗಲವಾದ ಟೈರು ಕೂರುವುದಿಲ್ಲ. ಸಪೂರ ಟೈರು ಜೂನ್ ತಿಂಗಳ ಕೆಸರಿಗೆ ಬೆಣ್ಣೆಗೆ ಚಾಕು ಇಳಿದ ಹಾಗೆ ಇಳಿಯುತ್ತದೆ. ದಿನಕ್ಕೆರಡು ಬಸ್ಸೂ ನೆಟ್ಟಗೆ ಬಾರದ ಊರುಗಳಲ್ಲಿ ಜೀಪು ಹೂತುಕೊಂಡಿತೆಂದರೆ ಶಾಲೆಯ ಮಕ್ಕಳಿಂದ ಬಾಣಂತಿಯವರೆಗೆ ಎಲ್ಲರೂ ಅಲ್ಲೇ ನಿಂತ ಹಾಗೆ.

ಐವತ್ತನಾಲ್ಕು ವರ್ಷದ ಮರುಳಸಿದ್ದಪ್ಪ ಓದಿದ್ದು ಏಳನೆಯ ತರಗತಿ. ಹದಿನಾರರ ವಯಸ್ಸಿಗೆ ಶಿವಮೊಗ್ಗದಲ್ಲಿ ಬಸ್ಸಿನ ಬಾಡಿ ಕಟ್ಟುವ ಶೆಡ್ಡು ಸೇರಿ, ಹದಿನೆಂಟು ವರ್ಷ ಅಲ್ಲೇ ಬೆಸುಗೆ ಹಾಕಿದರು. ಮಾಲೀಕರು ಶೆಡ್ಡು ಮುಚ್ಚಿದಾಗ ಹಳೆಯದೊಂದು ವೆಲ್ಡಿಂಗ್ ಯಂತ್ರವನ್ನು ಲಾರಿಗೆ ಹೇರಿಸಿಕೊಂಡು ಊರಿಗೆ ಬಂದರು. ಬಾಗಿಲ ಗೇಟು, ಕಿಟಕಿ ಸರಳು, ಮುರಿದ ನೇಗಿಲು ಎಂದು ಸಿಕ್ಕಿದ್ದನ್ನೆಲ್ಲ ಮಾಡಿದರು. ಗದ್ದೆ ಉಳುವ ಟಿಲ್ಲರಿಗೆ ಕಬ್ಬಿಣದ ಅಗಲ ಗಾಲಿ ಕಟ್ಟಿಕೊಡುವುದರಲ್ಲಿ ಅವರ ಕೈ ಪಳಗಿತ್ತು.

ಅದನ್ನು ನೋಡಿಯೇ ಕೆರೆಕಟ್ಟೆಯ ಬಾಡಿಗೆ ಜೀಪಿನ ದೇವಪ್ಪ ೧೯೯೬ರಲ್ಲಿ ಇಲ್ಲಿಗೆ ಬಂದದ್ದು. "ಟಿಲ್ಲರು ಹೂಳಬಾರದು ಅಂತ ಗಾಲಿ ಅಗಲ ಮಾಡ್ತೀಯಲ್ಲ ಸಿದ್ದಣ್ಣ, ನನ್ನ ಜೀಪು ಎಂತ ಪಾಪ ಮಾಡಿದೆ?" ಎಂದು ಕೇಳಿದರಂತೆ. ಮರುಳಸಿದ್ದಪ್ಪ ಅದುವರೆಗೆ ಕಾರಿನದಾಗಲಿ ಜೀಪಿನದಾಗಲಿ ಚಕ್ರ ಕೊಯ್ದವರಲ್ಲ. ಆಗಲಿ ನೋಡೋಣ ಎಂದು ನಾಲ್ಕು ಚಕ್ರ ಅಗಲ ಮಾಡಿಕೊಟ್ಟರು. ದೇವಪ್ಪ ಕೊಪ್ಪದವರೆಗೂ ಹೋಗಲಿಲ್ಲ, ಅರ್ಧ ದಾರಿಯಲ್ಲೇ ತಿರುಗಿಸಿಕೊಂಡು ಬಂದರು.

"ಸ್ಟೇರಿಂಗು ಕೈಯಲ್ಲಿ ನಿಲ್ತಿಲ್ಲ ಮಾರಾಯ! ಜೀಪು ಕೋಲಾಟ ಆಡ್ತದೆ ಅಂದೆ. ಬೈಯೋಣ ಅಂತಲೇ ಬಂದಿದ್ದೆ. ಇವನು ಆಗಲೇ ಚಕ್ರ ಬಿಚ್ಚೋಕೆ ಕೂತಾಗಿತ್ತು. ಬೈಯೋದು ಯಾರಿಗೆ?" ಎಂದು ದೇವಪ್ಪ ಈಗಲೂ ನಗುತ್ತಾರೆ.

ಚಕ್ರ ಓಲಾಡದಂತೆ ಮಾಡುವುದು ಹೇಗೆಂದು ಮರುಳಸಿದ್ದಪ್ಪನವರಿಗೆ ಹೇಳಿಕೊಡುವವರಿರಲಿಲ್ಲ. ಗುಜರಿಯಿಂದ ಹಳೆಯ ಜೀಪಿನ ಆಕ್ಸಲ್ ತಂದು, ಅಂಗಳದಲ್ಲಿ ಗುಂಡಿ ತೋಡಿ, ಸಿಮೆಂಟು ಹಾಕಿ ನೆಟ್ಟಗೆ ನಿಲ್ಲಿಸಿದರು. ಅದರ ತುದಿಗೆ ಚಕ್ರವನ್ನು ಬೋಲ್ಟ್ ಮಾಡಿ ತಿರುಗಿಸಿದರೆ ಅದು ನೀರಿನ ಮೇಲೆ ತೇಲಿದ ಹಾಗೆ ಸುತ್ತುತ್ತದೆ. ಪಕ್ಕದಲ್ಲಿ ಚೂಪು ಮೊಳೆಯೊಂದನ್ನು ಚಕ್ರದ ಅಂಚಿಗೆ ತಾಗಿಯೂ ತಾಗದ ಹಾಗೆ ನಿಲ್ಲಿಸಿರುತ್ತಾರೆ. ಸುತ್ತುವಾಗ ಎಲ್ಲಾದರೂ 'ಚರ್' ಎಂದರೆ ಅಲ್ಲಿ ಉಬ್ಬಿದೆ ಎಂದರ್ಥ. ಉಗುರಿನ ದಪ್ಪಕ್ಕಿಂತ ಹೆಚ್ಚು ಓಲಾಡಿದ ಚಕ್ರ ಈ ಅಂಗಳ ದಾಟುವುದಿಲ್ಲ. ದೇವಪ್ಪನವರ ಚಕ್ರಗಳನ್ನು ಮೂರನೆಯ ಸಲ ಸರಿಮಾಡಿಕೊಟ್ಟಾಗ ಅವರು ಕೊಪ್ಪ ದಾಟಿ, ಶೃಂಗೇರಿ ದಾಟಿ, ಮನೆ ಮುಟ್ಟಿದರು. ಮರುದಿನ ಅವರ ಹಿಂದೆ ಇನ್ನೆರಡು ಜೀಪು ಬಂದವು.

ಎಂಟು ವರ್ಷ ಕೆಲಸ ತಾನಾಗಿ ಬಂತು, ಚೆನ್ನಾಗಿಯೇ ನಡೆಯಿತು. ಆಮೇಲಿನ ಸಂಗತಿಯನ್ನು ಮರುಳಸಿದ್ದಪ್ಪ ತಾವಾಗಿ ಹೇಳುವುದಿಲ್ಲ. ಹೆಂಡತಿ ಪ್ರೇಮಕ್ಕ "ಅದನ್ನೂ ಹೇಳಿ, ಅದನ್ನ ಬಿಟ್ಟು ಇನ್ನೆಂತ ಹೇಳೋದು?" ಎಂದ ಮೇಲೆ ಶುರು ಮಾಡುತ್ತಾರೆ.

೨೦೦೪ರ ಜುಲೈ. ದೇವಪ್ಪನವರ ಜೀಪು ಒಂಬತ್ತು ಜನರನ್ನು ಕೂರಿಸಿಕೊಂಡು ಕೆರೆಕಟ್ಟೆಯಿಂದ ಶೃಂಗೇರಿಗೆ ಇಳಿಯುತ್ತಿತ್ತು. ಜ್ವರದ ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟಿದ್ದ ತಾಯಿಯೊಬ್ಬಳು ಮುಂದಿನ ಸೀಟಿನಲ್ಲಿದ್ದಳು. ತಿರುವೊಂದರಲ್ಲಿ ಹಿಂದಿನ ಎಡಚಕ್ರ ಢಬ್ಬೆಂದಿತು. ಜೀಪು ಎಳೆದುಕೊಂಡು ಹೋಗಿ ರಸ್ತೆ ಪಕ್ಕದ ಧರೆಯ ಮಣ್ಣುಗೋಡೆಗೆ ಒರಗಿ ನಿಂತಿತು. ಇನ್ನೊಂದು ಪಕ್ಕಕ್ಕೆ ಎಳೆದಿದ್ದರೆ ಕೆಳಗೆ ಹಳ್ಳ. ಯಾರಿಗೂ ಪೆಟ್ಟಾಗಲಿಲ್ಲ. ಹಿಂದೆ ಬಂದ ವಾಹನದಲ್ಲಿ ತಾಯಿ, ಮಗು ಆಸ್ಪತ್ರೆ ಸೇರಿದರು. ಚಕ್ರ ಬಿಚ್ಚಿ ನೋಡಿದರೆ ಬೆಸುಗೆಯ ಗುಂಟ ಗೇಣುದ್ದ ಬಿರುಕು. ಅದರ ಅಂಚೇ ಒಳಗಿನ ಟ್ಯೂಬನ್ನು ಕಚ್ಚಿ ಸೀಳಿತ್ತು. ಹೊಸ ಟೈರಿಗೆಂದು ಒಂದು ತಿಂಗಳ ಹಿಂದಷ್ಟೇ ಮಾಡಿಸಿಕೊಂಡಿದ್ದ ಚಕ್ರ ಅದು.

ದೇವಪ್ಪ ಆ ಚಕ್ರವನ್ನು ಗೋಣಿಚೀಲದಲ್ಲಿ ಸುತ್ತಿ, ಎರಡು ಬಸ್ಸು ಬದಲಾಯಿಸಿ ತಂದರು. ಅಂಗಳದಲ್ಲಿಟ್ಟು "ನೀನೇ ನೋಡು ಸಿದ್ದಣ್ಣ" ಎಂದರು.

"ಅವನು ಬೈದಿದ್ರೆ ಆಗ್ತಿತ್ತು" ಎನ್ನುತ್ತಾರೆ ಮರುಳಸಿದ್ದಪ್ಪ. "ಎರಡು ದಿನ ಆ ಬಿರುಕಿನ ಮುಂದೆ ಕೂತೆ. ಕೈ ಅದೇ, ಯಂತ್ರ ಅದೇ, ರಾಡೂ ಅದೇ ಅಂಗಡಿದು. ತಪ್ಪಿದ್ದೆಲ್ಲಿ ಅಂತ ಹೊಳೀಲೇ ಇಲ್ಲ. ಇನ್ನು ಗೇಟು ಮಾಡಿಕೊಂಡು ಇರೋಣ, ಚಕ್ರದ ಸಹವಾಸ ಸಾಕು ಅಂದೆ."

ತಪ್ಪನ್ನು ಹಿಡಿದದ್ದು ಪ್ರೇಮಕ್ಕ. ಅಡುಗೆಮನೆಯಲ್ಲಿ ಹಪ್ಪಳ ಸುಡುತ್ತಿದ್ದರಂತೆ. ಡಬ್ಬಿಯ ಮುಚ್ಚಳ ಸಡಿಲವಾಗಿ ಥಂಡಿ ಹಿಡಿದ ಹಪ್ಪಳ ಕೆಂಡದ ಮೇಲೆ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಹೊರಗೆ ಬಂದು ಬಿರುಕಿನ ಅಂಚನ್ನು ಬೆರಳಲ್ಲಿ ಸವರಿ ನೋಡಿದರು. ಅಲ್ಲಿಯೂ ಸೂಜಿಮೊನೆಯಂಥ ತೂತುಗಳಿದ್ದವು.

"ನಾನು ಹೇಳಿದ್ದು ಇಷ್ಟೆ: ಅಲ್ಲಾ, ನಿಮ್ಮ ರಾಡಿನ ಮೇಲೂ ಹಿಟ್ಟಿನ ಹಾಗೆ ಒಂದು ಲೇಪ ಇರ್ತದಲ್ಲ, ಅದಕ್ಕೆ ಥಂಡಿ ಹಿಡಿದಿರಬಾರದಾ? ಇವರು ಎದ್ದು ರಾಡಿನ ಕಟ್ಟಿಗೆ ಕೈ ಹಾಕಿದ್ರು" ಎನ್ನುತ್ತಾರೆ ಪ್ರೇಮಕ್ಕ.

ಮರುಳಸಿದ್ದಪ್ಪ ಹೊರಗಿಟ್ಟಿದ್ದ ಕಟ್ಟಿನಿಂದ ಒಂದು ರಾಡು ತೆಗೆದು ತಗಡಿನ ಮೇಲೆ ಬೆಸೆದರು. ಅದೇ ಕಟ್ಟಿನ ಇನ್ನೊಂದನ್ನು ಸ್ನಾನದ ಹಂಡೆಯ ಒಲೆಯ ಪಕ್ಕ ಒಂದು ಹಗಲು ಇಟ್ಟು ಒಣಗಿಸಿ ಬೆಸೆದರು. ಎರಡಕ್ಕೂ ಸುತ್ತಿಗೆಯಲ್ಲಿ ಹೊಡೆದಾಗ ಮೊದಲನೆಯದು ಬಿಸ್ಕತ್ತಿನಂತೆ ಮುರಿಯಿತು. ಎರಡನೆಯದಕ್ಕೆ ಹೊಡೆದೂ ಹೊಡೆದೂ ಕೈ ಸೋತಿತು, ತಗಡು ಬಗ್ಗಿತೇ ಹೊರತು ಬೆಸುಗೆ ಬಿಡಲಿಲ್ಲ. ಹಿಂದಿನ ಮಳೆಗಾಲಗಳಲ್ಲಿ ರಾಡಿನ ಕಟ್ಟು ಮನೆಯೊಳಗೇ ಇರುತ್ತಿತ್ತು. ಕೆಲಸ ಹೆಚ್ಚಾಯಿತೆಂದು ಆ ವರ್ಷವಷ್ಟೇ ಹೊರಗಿನ ಮಾಡಿಗೆ ಸಾಗಿಸಿದ್ದರು.

ಕಾರಣ ಗೊತ್ತಾದ ಮೇಲೆ ಸಮಾಧಾನವಾಗುವ ಬದಲು ಇನ್ನೊಂದು ಭಯ ಹಿಡಿಯಿತು. ಏಪ್ರಿಲ್ ಕೊನೆಯ ಮೊದಲ ಮಳೆಯಿಂದ ಈಚೆಗೆ ಅದೇ ರಾಡಿನಲ್ಲಿ ನಲವತ್ತನಾಲ್ಕು ಚಕ್ರ ಮಾಡಿ ಕಳಿಸಿಯಾಗಿತ್ತು. ಅಷ್ಟೂ ಯಾವುದೋ ರಸ್ತೆಯಲ್ಲಿ, ಯಾರನ್ನೋ ಹೊತ್ತುಕೊಂಡು ಓಡುತ್ತಿದ್ದವು. ಯಾರದು, ಎಲ್ಲಿ ಎಂದು ಬರೆದಿಟ್ಟಿರಲಿಲ್ಲ. ಗಂಡಹೆಂಡತಿ ಕೂತು ನೆನಪು ಮಾಡಿಕೊಂಡು ಒಂದು ಹಾಳೆಯಲ್ಲಿ ಹೆಸರು ಬರೆದರು. ಮರುದಿನ ಮರುಳಸಿದ್ದಪ್ಪ ಬಸ್ಸು ಹತ್ತಿದರು. ಜೊತೆಗೆ ದೇವಪ್ಪ. ಜೀಪು ಕಲ್ಲಿನ ಮೇಲೆ ನಿಂತಿತ್ತು, ಮಾಡುವುದಕ್ಕೆ ಅವರಿಗೂ ಬೇರೆ ಕೆಲಸವಿರಲಿಲ್ಲ.

ಕಮ್ಮರಡಿ, ನಾರ್ವೆ, ಕೊಪ್ಪ, ಶೃಂಗೇರಿ, ಕೆರೆಕಟ್ಟೆ ಎಂದು ಇಬ್ಬರೂ ಇಪ್ಪತ್ತಮೂರು ದಿನ ತಿರುಗಿದರು. ಮನೆಮನೆಗೆ ಹೋಗಿ ಚಕ್ರ ಬಿಚ್ಚಿ, ಬಸ್ಸಿನ ಟಾಪಿಗೆ ಏರಿಸಿ ತಂದರು. ಕೆಲವರಿಗೆ ಸಿಟ್ಟು ಬಂತು. ಕೆಲವರಿಗೆ ಅರ್ಥವೇ ಆಗಲಿಲ್ಲ. ನಾರ್ವೆಯ ಮಂಜಪ್ಪನವರು "ಗಾಲಿ ಚೆನ್ನಾಗೇ ಓಡ್ತಾ ಇದೆಯಲ್ಲ ಮಾರಾಯ, ಮಾಡಿಕೊಟ್ಟವನೇ ಬಂದು ಬಿಚ್ಚುತ್ತೀನಿ ಅಂದ್ರೆ ಎಂತ ಹೇಳೋದು?" ಎಂದು ಜಗುಲಿಯಲ್ಲಿ ಕೂರಿಸಿ ಊಟ ಹಾಕಿದರು, ಚಕ್ರ ಮಾತ್ರ ಕೊಡಲಿಲ್ಲ. ದೇವಪ್ಪ ಊಟ ಮುಗಿಸಿ ಕೈತೊಳೆದು ಬಂದು, ತಿರುವಿನಲ್ಲಿ ಆದದ್ದನ್ನು ನಿಧಾನವಾಗಿ ಹೇಳಿದರು. ಮಂಜಪ್ಪನವರು ಎದ್ದು ಹೋಗಿ ತಾವೇ ಜಾಕಿ ತಂದರು.

ತಂದ ಒಂದೊಂದು ಚಕ್ರಕ್ಕೂ ಮರುಳಸಿದ್ದಪ್ಪ ಬೆಸುಗೆಯ ಒಂದು ಮೈಗೆ ಸುಣ್ಣದ ಪುಡಿ ಬಳಿದು, ಇನ್ನೊಂದು ಮೈಗೆ ಸೀಮೆಎಣ್ಣೆ ಸವರಿ ಗಂಟೆಗಟ್ಟಲೆ ಬಿಟ್ಟರು. ಬಸ್ಸಿನ ಡೀಸೆಲ್ ಟ್ಯಾಂಕು ಸೋರುತ್ತದೋ ಎಂದು ನೋಡಲು ಶಿವಮೊಗ್ಗದ ಶೆಡ್ಡಿನಲ್ಲಿ ಕಲಿತ ಉಪಾಯ ಅದು. ಬೆಸುಗೆಯಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಎಣ್ಣೆ ಇಣುಕಿ ಸುಣ್ಣದ ಮೇಲೆ ಕಲೆ ಮೂಡುತ್ತದೆ. ಆರು ಚಕ್ರಗಳಲ್ಲಿ ಕಲೆ ಮೂಡಿತು. ಕಲೆ ಮೂಡದವನ್ನೂ ಅವರು ಬಿಡಲಿಲ್ಲ. ನಲವತ್ತನಾಲ್ಕಕ್ಕೂ ಹಳೆಯ ಬೆಸುಗೆ ಕೊಯ್ದು, ಒಣಗಿದ ರಾಡಿನಲ್ಲಿ ಹೊಸದಾಗಿ ಹಾಕಿದರು. ಯಾರಿಂದಲೂ ಏನೂ ಕೇಳಲಿಲ್ಲ. ಕೊನೆಯ ಚಕ್ರ ಕೈಸೇರಿದ್ದು ದೀಪಾವಳಿಯ ಹಿಂದಿನ ದಿನ. ಮಾರಾಟವಾದ ಜೀಪಿನ ಜೊತೆ ಅದು ತೀರ್ಥಹಳ್ಳಿಗೆ ಹೋಗಿತ್ತು.

"ಆ ನಾಲ್ಕು ತಿಂಗಳು ಹೊಸ ಕೆಲಸ ಹಿಡೀಲಿಲ್ಲ. ಹಬ್ಬ ಆದ ಮೇಲಾದ್ರೂ ಯಾರು ಬರ್ತಾರೆ ಅಂದುಕೊಂಡಿದ್ದೆ" ಎನ್ನುತ್ತಾರೆ ಮರುಳಸಿದ್ದಪ್ಪ. ಹಬ್ಬ ಕಳೆದ ಎರಡನೆಯ ದಿನ ಓಣಿಯಲ್ಲಿ ಮೂರು ಜೀಪು ನಿಂತಿದ್ದವು. ಮುಂದಿನದು ನಾರ್ವೆಯ ಮಂಜಪ್ಪನವರದು. ತಮ್ಮ ತಮ್ಮನ ಜೀಪಿಗೂ ಮಾಡಿಸಬೇಕೆಂದು ಬಂದಿದ್ದರು.

ಅಂದಿನಿಂದ ಹೊರಬೀಳುವ ಪ್ರತಿ ಚಕ್ರದ ಒಳಮೈಗೂ ಉಳಿಯಲ್ಲಿ ನಂಬರು ಕೊರೆಯುತ್ತಾರೆ. ಆ ನಂಬರಿನ ಮುಂದೆ ಊರು, ಹೆಸರು ಬರೆದಿಡುವುದು ಪ್ರೇಮಕ್ಕನ ಕೆಲಸ. ಮೊನ್ನೆ ಕೊರೆದ ನಂಬರು ಆರುನೂರ ಹನ್ನೆರಡು. ಈ ಮೂರು ವರ್ಷಗಳಲ್ಲಿ ಒಂದೂ ಹಿಂದೆ ಬಂದಿಲ್ಲ. ರಾಡಿನ ಕಟ್ಟುಗಳಿಗೆ ಹಂಡೆಯ ಒಲೆಯ ಮೇಲೆ ಪ್ರೇಮಕ್ಕ ತಗಡಿನ ಗೂಡು ಮಾಡಿಸಿದ್ದಾರೆ. ಮಳೆಗಾಲದಲ್ಲಿ ಗಂಡನ ಕೈಗೆ ಒಂದು ಸಲಕ್ಕೆ ಹತ್ತೇ ರಾಡು ಕೊಡುತ್ತಾರೆ, ಅದು ಮುಗಿದ ಮೇಲೆ ಮತ್ತೆ ಹತ್ತು.

ಈಗೀಗ ಮೋಟಾರು ರೇಸಿನ ಹುಚ್ಚಿರುವ ಹುಡುಗರೂ ಕಾರು ತರುತ್ತಾರೆ. ನಾಲ್ಕು ಇಂಚು ಮಾಡಿ, ಐದು ಮಾಡಿ, ನೋಡುವುದಕ್ಕೆ ಚೆಂದ ಎನ್ನುತ್ತಾರೆ. ಮರುಳಸಿದ್ದಪ್ಪ ತಲೆಯಾಡಿಸುತ್ತಾರೆ. "ಎರಡು ಇಂಚು. ಅದರ ಮೇಲೆ ಒಂದು ನೂಲೂ ಹಾಕೋದಿಲ್ಲ. ಜಾಸ್ತಿ ಆದಷ್ಟೂ ಭಾರ ಬೇರಿಂಗಿನ ಮೇಲೆ ಬೀಳ್ತದೆ. ಅದು ಮುರಿಯೋದು ಅಂಗಡಿ ಮುಂದೆ ಅಲ್ಲ, ಘಾಟಿಯಲ್ಲಿ" ಎಂದು ವಾಪಸು ಕಳಿಸುತ್ತಾರೆ. ಅರ್ಧದಷ್ಟು ಜನ ಎರಡಕ್ಕೇ ಒಪ್ಪಿ ಮತ್ತೆ ಬರುತ್ತಾರಂತೆ.

ಇಷ್ಟು ಚಕ್ರ ಮಾಡಿದವರ ಮನೆಯಲ್ಲಿ ಇರುವುದು ಒಂದು ಸೈಕಲ್ಲು. ಜೀಪು ಬೇಕೆಂದು ಅವರಿಗೆ ಅನ್ನಿಸಿಯೂ ಇಲ್ಲ. ಬೇರೆ ಏನಾದರೂ ಆಸೆ ಇದೆಯೇ ಎಂದರೆ ಒಂದನ್ನು ಹೇಳುತ್ತಾರೆ.

"ಕೆರೆಕಟ್ಟೆಗೆ ಹೋಗಿದ್ದೀನಿ, ಆದ್ರೆ ಹೋಗಿದ್ದೆಲ್ಲ ಚಕ್ರ ಬಿಚ್ಚಿ ತರೋದಕ್ಕೆ, ಬಸ್ಸಲ್ಲಿ. ಊರು ಹೇಗಿದೆ ಅಂತಲೂ ನೋಡ್ಲಿಲ್ಲ. ಒಂದು ಸಲ ಸುಮ್ಮನೆ ಹೋಗಿ ಬರಬೇಕು."

ಆ ಆಸೆ ಈ ಭಾನುವಾರ ಈಡೇರಲಿದೆ. ದೇವಪ್ಪನವರ ಮನೆಯಲ್ಲಿ ಮೊಮ್ಮಗಳ ನಾಮಕರಣ. ಗಂಡಹೆಂಡತಿಯನ್ನು ಕರೆದೊಯ್ಯಲು ಅವರೇ ಜೀಪು ತರುತ್ತಾರೆ. ಮುಂದಿನ ಸೀಟು ನಿನಗೇ ಇಟ್ಟಿರುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದಾರೆ.

"ಮುಂದೆ ಪ್ರೇಮ ಕೂರಲಿ" ಎನ್ನುತ್ತಾರೆ ಮರುಳಸಿದ್ದಪ್ಪ, ಕೈಯ ಮಸಿ ಒರೆಸಿಕೊಳ್ಳುತ್ತಾ. "ಅವಳಿಗೆ ರಸ್ತೆ ಕಾಣ್ಲಿ. ನಾನು ಹಿಂದೆ ಕೂರ್ತೀನಿ. ಅಲ್ಲಿ ಗಾಲಿ ಸದ್ದು ಚೆನ್ನಾಗಿ ಕೇಳ್ತದೆ."