ಕ್ಯಾಲೆಂಡರ್ ಹಾಳೆಯ ಹೊದಿಕೆ

ಎರವಲು ತಂದ ಪುಸ್ತಕಕ್ಕೆ ಹೊದಿಕೆ ಹಾಕದೆ ಅದರ ಮೊದಲ ಪುಟವನ್ನೂ ತೆರೆಯಲಾರದ ರೋಗವೊಂದು ನನಗಿದೆ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಬಿಳಿಯ ಬದಿ ಮೇಲೆ ಬರುವಂತೆ ಮಡಚಿ, ಅಂಚುಗಳನ್ನು ಉಗುರಿನಿಂದ ತೀಡಿ ಕೂರಿಸಿದ ಮೇಲೆಯೇ ಸಮಾಧಾನ. ಇದನ್ನು ನಾನು ಗ್ರಂಥಗೌರವವೆನ್ನುತ್ತೇನೆ. ನನ್ನ ಹೆಂಡತಿ ಪುಕ್ಕಲುತನವೆನ್ನುತ್ತಾಳೆ.

ಶಿವಬಸವ ನಗರದಲ್ಲಿ ದಿನಾ ವಿಭೂತಿ ಹಚ್ಚಿಕೊಂಡು ಓಡಾಡುವ ನನಗೆ ಪಾದ್ರಿಯೊಬ್ಬರ ಪುಸ್ತಕಗಳ ಹುಚ್ಚು ಹಿಡಿದದ್ದು ಹೇಗೆಂದು ಕೇಳಬೇಡಿ. ಎಂದೋ ತೀರಿಹೋದ ಅವರು ಉಪದೇಶಕ್ಕಿಂತ ಹೆಚ್ಚಾಗಿ ಬಾವಿ, ಬೆಲ್ಲ, ನೆರೆಮನೆಯ ಜಗಳಗಳ ಬಗ್ಗೆಯೇ ಬರೆದವರು. ಅವರ ಕೊನೆಯ ಪುಸ್ತಕ ಎಲ್ಲೂ ಸಿಗದೆ, ನಮ್ಮೂರಿನ ಕ್ಯಾಂಪ್ ಬಡಾವಣೆಯಲ್ಲಿರುವ ಅವರ ಮಗಳ ಬಾಗಿಲು ಬಡಿದೆ. ಎಂಬತ್ತು ದಾಟಿದ ಆಕೆ ನನ್ನನ್ನು ಅಳೆದು ನೋಡಿ, "ಇದೊಂದ ಪ್ರತಿ ಉಳದೈತ್ರಿ. ಕಳದ್ರ ಅಪ್ಪಾರನ್ನ ಎರಡನೇ ಸಲ ಮಣ್ಣ ಮಾಡಿದಂಗ," ಎಂದು ಕೈಗಿತ್ತರು.

ಅಂಥ ಪುಸ್ತಕವನ್ನು ಮನೆಯಲ್ಲಿಟ್ಟು ಓದುವುದು ಬಿಟ್ಟು, ಪಾದ್ರಿಗಳು ಕುಳಿತು ಬರೆದ ಖಾನಾಪುರದ ಚರ್ಚಿನ ಕಿಟಕಿಬದಿಯ ಬೆಂಚಿನಲ್ಲೇ ಓದಬೇಕೆಂಬ ತೀರ್ಥಯಾತ್ರೆಯ ಚಪಲ ನನಗೆ. ಅರ್ಧ ಓದುವಷ್ಟರಲ್ಲಿ ಹೆಂಗಸರ ಪ್ರಾರ್ಥನೆ ಶುರುವಾಯಿತು. ಸಂಕೋಚದಿಂದ ಬೆಂಚಿನ ಮೇಲಿದ್ದುದನ್ನು ಚೀಲಕ್ಕೆ ತುರುಕಿ ಹೊರಬಿದ್ದೆ. ಬಸ್ ನಿಲ್ದಾಣದಲ್ಲಿ ತೆರೆದರೆ ಒಳಗೆ ಮರಾಠಿ ಭಜನೆಗಳು. ಆ ಚರ್ಚಿನಲ್ಲೂ ಹಾಡಿನ ಪುಸ್ತಕಗಳಿಗೆಲ್ಲ ಹೊದಿಕೆ ಕ್ಯಾಲೆಂಡರ್ ಹಾಳೆಯದೇ, ಬಿಳಿಯ ಬದಿ ಮೇಲೆ.

ಪಾದ್ರಿಗಳ ಮಗಳಿಗೆ ಹೇಗೆ ಮುಖ ತೋರಿಸಲಿ ಎಂದುಕೊಳ್ಳುತ್ತಲೇ, ಈ ವಯಸ್ಸಿಗೆ ಶೋಭಿಸದ ವೇಗದಲ್ಲಿ ಚರ್ಚಿಗೆ ಓಡಿದೆ. ಪ್ರಾರ್ಥನೆ ಮುಗಿದಿತ್ತು, ಭಜನೆ ಪುಸ್ತಕ ಹಿಂದಿರುಗಿಸಿ ನನ್ನದನ್ನು ಕೇಳಿದೆ. ಕಾವಲುಗಾರ ಕಪಾಟಿನ ಪುಸ್ತಕಗಳನ್ನೆಲ್ಲ ನನ್ನೆದುರು ಒಂದೊಂದಾಗಿ ಬಿಚ್ಚಿ ತೋರಿಸಿ, ಕೊನೆಗೆ ನಿಧಾನವಾಗಿ ನೆನಪಿಸಿಕೊಂಡ: "ಕನ್ನಡದ್ದೇನ್ರಿ? ಅದನ್ನ ಬಾಜೂ ಮನಿ ಬಾಯಾರು ಓದಾಕ ಒಯ್ದಾರಲ್ರಿ."

ಪಕ್ಕದ ಮನೆಯ ಪಡಸಾಲೆಯಲ್ಲಿ ಆ ಹೆಂಗಸು ಪುಸ್ತಕ ಹಿಡಿದು, ಕಣ್ಣು ಕಾಣದ ಅತ್ತೆಗೆ ಸಾಲುಸಾಲಾಗಿ ಮರಾಠಿಯಲ್ಲಿ ಹೇಳುತ್ತಿದ್ದರು. ನನ್ನ ಕಥೆ ಕೇಳಿ, "ಕುಂದರ್ರಿ, ಬಾವಿ ಜಗಳ ಮುಗೀಲಿ, ಅತ್ತಿ ಬಿಡವಲ್ರು," ಎಂದರು. ಮುದುಕಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಕಣ್ಣು ಪುಸ್ತಕದ ಮೇಲೆ, ಕಿವಿ ಬಸ್ಸಿನ ಮೇಲೆ. ಅಧ್ಯಾಯ ಮುಗಿದದ್ದೇ ತಡ, ಹೆಚ್ಚುಕಡಿಮೆ ಕಿತ್ತುಕೊಂಡೇ ಬಂದೆ. ಮುಂದೇನಾಯಿತೆಂದು ಮುದುಕಿ ಕೇಳಿದ್ದು ಬೆನ್ನಿಗೆ ಬಿತ್ತು.

ಮರುದಿನ ಕ್ಯಾಂಪಿಗೆ ಹೋಗಿ, ಹೊದಿಕೆ ಬಿಚ್ಚಿ ಪುಸ್ತಕ ಒಪ್ಪಿಸಿ, ನಡೆದುದೆಲ್ಲವನ್ನೂ ತಪ್ಪೊಪ್ಪಿಗೆಯಂತೆ ಹೇಳಿದೆ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತವನಿಗೆ ಸಿಕ್ಕಿದ್ದು ಪ್ರಶ್ನೆ.

"ಅವರು ಪೂರಾ ಓದಿ ಮುಗಿಸಿದ್ರೇನ್ರಿ?"

"ಇಲ್ರಿ, ಇನ್ನೂ ಭಾಳ ಇತ್ತು."

"ಮತ್ತ ಯಾಕ ತಂದ್ರಿ?"

ನಾಚಿಕೆಯಾಯಿತು. ಆಕೆ ಪುಸ್ತಕವನ್ನು ಸೆರಗಿನಿಂದ ಒಮ್ಮೆ ಒರೆಸಿ ಮತ್ತೆ ನನ್ನ ಕೈಗೇ ಇಟ್ಟರು. ಹೊದಿಕೆ ಹಾಕಲು ಹೋದೆ, ಬೇಡವೆಂದರು.

ಈಗ ಖಾನಾಪುರದ ಬಸ್ಸಿನಲ್ಲಿದ್ದೇನೆ. ಪುಸ್ತಕ ಬರಿಮೈಯಲ್ಲಿ ತೊಡೆಯ ಮೇಲಿದೆ, ಧೂಳು ಬೀಳುತ್ತಿದೆ, ಎದೆ ನಿನ್ನೆಯಷ್ಟೇ ಹೊಡೆದುಕೊಳ್ಳುತ್ತಿದೆ. ಅತ್ತೆ-ಸೊಸೆ ಮನೆಯಲ್ಲಿದ್ದರೆ ಸಾಕು.