ಕೊಡು, ಬಿಡು, ಹೊಡಿ

ಕಳೆದ ವಾರ ಇಲ್ಲಿ ಮಲೇಷ್ಯಾದಲ್ಲಿ, ಪುಚೊಂಗ್‌ನ ಎಲ್‌ಆರ್‌ಟಿ ರೈಲು ಸ್ಟೇಷನ್ನಿನ ಮೆಟ್ಟಿಲಿಳಿದು ಬರುವಾಗ ಹಣ್ಣಿನ ಗಾಡಿಯವಳು ಸೀಬೆಹಣ್ಣು ಹೆಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ಹುಳಿ ಪ್ಲಮ್ಮಿನ ಪುಡಿ ಉದುರಿಸಿ ಕುಲುಕುತ್ತಿದ್ದಳು. ಉಪ್ಪು, ಹುಳಿ, ಸಿಹಿ ಒಟ್ಟಿಗೆ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ನಿಂತಿತು. ಜೊತೆಗಿದ್ದ ಮಗಳೂ ನಿಂತಳು. ಕಾಲೇಜಿಗೆ ರಜೆ ಎಂದು ಮನೆಗೆ ಬಂದಿದ್ದಳು. ಇಬ್ಬರಿಗೂ ನೆನಪಾದದ್ದು ಒಬ್ಬರೇ...

ಅವರು ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ, ನಮ್ಮದೇ ಮಹಡಿಯಲ್ಲಿ, ಎರಡು ಬಾಗಿಲು ಆಚೆ ಇದ್ದರು. ಮಂಗಳೂರಿನ ಕಡೆಯವರು. ಕ್ಲಾಂಗ್ ಬಂದರಿನ ಹಡಗು ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ಲಿಫ್ಟಿಗೆ ಹೋಗಬೇಕಾದರೆ ನಮ್ಮ ಬಾಗಿಲು ದಾಟಿಯೇ ಹೋಗಬೇಕು. ನಾನು ಹಾಕಿದ ರಂಗೋಲಿ ತುಳಿಯಬಾರದೆಂದು ಆ ದಪ್ಪ ಮೈಯನ್ನು ಗೋಡೆಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು ದಾಟುತ್ತಿದ್ದರು. ನನಗೆ ನಗು ಬರುತ್ತಿತ್ತು.

ಅವರ ಮಗಳು ನಮ್ಮ ಮಗಳ ಹೈಸ್ಕೂಲಿನಲ್ಲೇ ಓದಿ, ಅಲ್ಲಿನ ಹುಡುಗಿಯರ ಫುಟ್‌ಬಾಲ್ ತಂಡದಲ್ಲಿ ಆಡಿ, ಮುಗಿಸಿ ಹೊರಟುಹೋಗಿದ್ದಳು. ಅಪ್ಪ ಮಾತ್ರ ಮೈದಾನ ಬಿಡಲಿಲ್ಲ. ಶಾಲೆಯ ವ್ಯಾಯಾಮ ಶಿಕ್ಷಕರಿಗೆ ಗೊತ್ತಿದ್ದದ್ದು ಬ್ಯಾಡ್ಮಿಂಟನ್ ಒಂದೇ. ಯಾರೋ ಬಂದು ಪುಕ್ಕಟೆಯಾಗಿ ಕಲಿಸುತ್ತೇನೆಂದರೆ ಬೇಡವೆನ್ನುತ್ತಾರೆಯೇ? ಹಾಗಾಗಿ ಶನಿವಾರ ಬೆಳಿಗ್ಗೆ ಇವರು ಸ್ಟೀಲಿನ ಡಬ್ಬಿಯ ತುಂಬ ಹೆಚ್ಚಿದ ಸೀಬೆ, ಅದರ ಮೇಲೆ ಆ ಹುಳಿ ಪುಡಿ ಹಾಕಿಕೊಂಡು ಹೊರಟುಬಿಡುತ್ತಿದ್ದರು. ಹುಡುಗಿಯರು ಕೋಚ್ ಅಂಕಲ್ ಎನ್ನುತ್ತಿದ್ದರು. ನಾನು ಸರ್ ಎನ್ನುತ್ತಿದ್ದೆ.

“ಎಂತ ಸೀಬೆಯಾ? ಪೇರಳೆ ಅಂತ ಹೇಳ್ಲಿಕ್ಕೆ ನಿಮ್ಮ ಮೈಸೂರಿನವರಿಗೆ ಎಂತ ಕಷ್ಟ ಮಾರಾಯ್ರೆ?” ಎಂದು ನನ್ನನ್ನು ರೇಗಿಸುವುದು ಅವರ ಶನಿವಾರದ ಕೆಲಸಗಳಲ್ಲಿ ಒಂದಾಗಿತ್ತು. ಒಂದೇ ಭಾಷೆಯ ನಾವಿಬ್ಬರೂ ಒಂದು ಹಣ್ಣಿನ ಹೆಸರಿಗೆ ಜಗಳವಾಡುವುದನ್ನು ಹುಡುಗಿಯರು ಸೀಬೆ ಅಗಿಯುತ್ತಾ ನೋಡುತ್ತಿದ್ದರು.

ಆ ತಂಡದಲ್ಲಿ ಮಲಯ್ ಹುಡುಗಿಯರಿದ್ದರು, ಚೀನೀಯರಿದ್ದರು, ತಮಿಳರಿದ್ದರು. ಕನ್ನಡದವಳು ನನ್ನ ಮಗಳೊಬ್ಬಳೇ. ಆದರೂ ಎಲ್ಲರಿಗೂ ಮೂರು ಕನ್ನಡ ಪದ ಗೊತ್ತಿತ್ತು. ಕೊಡು ಎಂದರೆ ಪಕ್ಕದವಳಿಗೆ ಚೆಂಡು ದಾಟಿಸು. ಬಿಡು ಎಂದರೆ ನೀನು ಮುಟ್ಟಬೇಡ, ಹಿಂದೆ ಗೋಲ್‌ಕೀಪರ್ ಇದ್ದಾಳೆ, ಅವಳು ನೋಡಿಕೊಳ್ಳುತ್ತಾಳೆ. ಹೊಡಿ ಎಂದರೆ ಗೋಲಿನತ್ತ ಒದೆ. ಎದುರು ತಂಡಕ್ಕೆ ಅರ್ಥವಾಗಬಾರದೆಂದು ಅವರು ಹೂಡಿದ ಉಪಾಯವಿದು. ಗೋಲ್‌ಕೀಪರ್ ಆಗಿದ್ದ ಚೀನೀ ಹುಡುಗಿ “ಬಿಡೂ!” ಎಂದು ಕಿರುಚಿದರೆ ನನಗೆ ಮೈಸೂರಿನ ಅಗ್ರಹಾರದ ಯಾವುದೋ ಬೀದಿಯಲ್ಲಿ ನಿಂತ ಹಾಗಾಗುತ್ತಿತ್ತು.

ನಿಜ ಹೇಳಬೇಕೆಂದರೆ ನಾನು ಮೈದಾನಕ್ಕೆ ಹೋಗುತ್ತಿದ್ದದ್ದೇ ಅದಕ್ಕೆ. ಮನೆಯಲ್ಲಿ ನಾನು ಕನ್ನಡದಲ್ಲಿ ಏನು ಕೇಳಿದರೂ ಮಗಳ ಉತ್ತರ ಇಂಗ್ಲಿಷಿನಲ್ಲಿ. ಬೈದೆ, ಗೋಗರೆದೆ, ಬಿಟ್ಟೆ. ಆದರೆ ಆ ಗೆರೆಗಳ ನಡುವೆ ಅವಳ ಬಾಯಿಂದ “ಕೊಡೇ, ಕೊಡೇ!” ಎಂದು ತಾನಾಗಿಯೇ ಕನ್ನಡ ಹೊರಡುತ್ತಿತ್ತು. ಅದು ಅವರು ಕೊಟ್ಟದ್ದು. ನನ್ನಿಂದಾಗದ್ದನ್ನು ಅವರು ಮೂರು ಪದದಲ್ಲಿ ಮಾಡಿದ್ದರು.

ಆಗ ನಮ್ಮ ಕಡೆಯ ಶಾಲಾ ಫುಟ್‌ಬಾಲಿಗೆಂದೇ ಆನ್‌ಲೈನ್‌ನಲ್ಲಿ ಅಭಿಮಾನಿಗಳ ಗುಂಪೊಂದಿತ್ತು. ತಂದೆತಾಯಿಯರು, ಹಳೆಯ ವಿದ್ಯಾರ್ಥಿಗಳು, ಮೈದಾನದ ಕಡೆ ತಲೆಯೇ ಹಾಕದ ಆದರೆ ಎಲ್ಲದಕ್ಕೂ ಅಭಿಪ್ರಾಯವಿದ್ದ ಜನ, ಎಲ್ಲರೂ ಅಲ್ಲಿದ್ದರು. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಮಕ್ಕಳನ್ನು ಆಡಿಸುತ್ತಾರೆಂದು ಒಮ್ಮೆ ಆ ಗುಂಪಿನಲ್ಲಿ ದೊಡ್ಡ ಗಲಾಟೆಯಾಯಿತು. ಎರಡೇ ದಿನದಲ್ಲಿ ಶಾಲೆ ಪಂದ್ಯಗಳನ್ನು ಬೆಳಿಗ್ಗೆಗೆ ಬದಲಾಯಿಸಿತು. ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಾನು ಎರಡು ವರ್ಷ ಪತ್ರ ಬರ್ದೆ, ಆಗ್ಲಿಲ್ಲ. ಇವ್ರು ಎರಡು ದಿವ್ಸ ಬೈದ್ರು, ಆಯ್ತು ನೋಡಿ!” ಅಂದಿನಿಂದ ಆ ಗುಂಪನ್ನು ದೇವರಿದ್ದ ಹಾಗೆ ಎನ್ನುತ್ತಿದ್ದರು. ನಾನೂ ಸೇರಿಕೊಂಡೆ. ಹೆಸರು ಹಾಕಲಿಲ್ಲ. ‘ಮೈಸೂರು ಮಲ್ಲಿಗೆ ಹೂ’ ಎಂದು ಬರೆದು, ಚಿತ್ರಕ್ಕೆ ನಮ್ಮ ಬಾಗಿಲ ಮುಂದಿನ ರಂಗೋಲಿಯದೊಂದು ಫೋಟೋ ಹಾಕಿದೆ. ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ.

ಆಮೇಲೆ ಆ ಪಂದ್ಯ ಬಂತು. ಚೆಂಡು ನಮ್ಮ ಹುಡುಗಿಯೊಬ್ಬಳ ಕಾಲಿಗೆ ಬಂದಿತ್ತು, ಗೋಲು ಎದುರಿಗೇ ಇತ್ತು, ಅವಳು ತಡವರಿಸುತ್ತಿದ್ದಳು. ಗೆರೆಯಾಚೆಯಿಂದ ಅವರು “ಹೊಡಿ! ಹೊಡಿ! ಎಂತ ನೋಡುದು, ಹೊಡಿ!” ಎಂದು ಅಬ್ಬರಿಸಿದರು. ಅಷ್ಟರಲ್ಲಿ ಎದುರು ತಂಡದವಳೊಬ್ಬಳು ಅಡ್ಡ ಬಂದಳು, ಇಬ್ಬರೂ ಡಿಕ್ಕಿ ಹೊಡೆದರು, ಆ ಎದುರು ತಂಡದ ಹುಡುಗಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಇಂಥದ್ದು ಆಟದಲ್ಲಿ ಆಗುವುದೇ. ಅವರೇ ಓಡಿಹೋಗಿ ಅವಳ ಕೈ ಹಿಡಿದು ಕೂತಿದ್ದರು.

ಯಾರೋ ಅದನ್ನು ಫೋನಿನಲ್ಲಿ ಚಿತ್ರೀಕರಿಸಿದ್ದರು. ಸಂಜೆಗೆ ಗುಂಪಿನಲ್ಲಿ ಹತ್ತು ಸೆಕೆಂಡಿನ ವೀಡಿಯೋ ಬಂತು. ಅದರಲ್ಲಿದ್ದದ್ದು ಅವರ ಕೂಗು, ಆಮೇಲೆ ಹುಡುಗಿ ಬೀಳುವುದು, ಅಷ್ಟೇ. ಕೆಳಗೆ ಯಾರೋ ಕೇಳಿದ್ದರು: ಈತ ಕೂಗುತ್ತಿರುವುದು ಯಾವ ಭಾಷೆ? ಏನೆನ್ನುತ್ತಿದ್ದಾನೆ?

ನಾನು ಅಡಿಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಮೊದಲು ವೀಡಿಯೋ ನೋಡಲೂ ಇಲ್ಲ, ಪ್ರಶ್ನೆ ಮಾತ್ರ ಓದಿದೆ. ಇಷ್ಟು ವರ್ಷ ಈ ದೇಶದಲ್ಲಿ ನನ್ನನ್ನು ಎಲ್ಲರೂ ತಮಿಳಿನವಳೆಂದೇ ತಿಳಿದಿದ್ದರು. ಮೊದಲ ಸಲ ಯಾರೋ ನಮ್ಮ ಭಾಷೆ ಯಾವುದೆಂದು ಕೇಳಿದ್ದರು. ಹಿಗ್ಗಿಬಿಟ್ಟೆ. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು. ಇಂಗ್ಲಿಷಿನಲ್ಲಿ ಬರೆದೆ: ಅದು ಕನ್ನಡ, ‘ಹೊಡಿ’ ಎಂದರೆ ಹಿಟ್, ಬೀಟ್. ಕೊನೆಯಲ್ಲೊಂದು ನಗುಮುಖ ಬೇರೆ. ಸಿಕ್ಸ್ ಹೊಡಿ, ಗಂಟೆ ಹೊಡಿ, ಫೋನ್ ಹೊಡಿ ಎಂದು ದಿನಕ್ಕೆ ಹತ್ತು ಸಲ ಹೇಳುವ ನನಗೆ ಆ ಗಳಿಗೆಯಲ್ಲಿ ಅದೊಂದೂ ಹೊಳೆಯಲಿಲ್ಲ. ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದೆ.

ಊಟ ಮುಗಿಸಿ ಮತ್ತೆ ಫೋನ್ ತೆಗೆದಾಗ ‘ಬೀಟ್’ ಎಂಬುದು ಮಲಯ್ ಭಾಷೆಗೆ ಹೋಗಿ ‘ಪುಕುಲ್’ ಆಗಿತ್ತು. ಎಂದರೆ ಬಡಿ, ಥಳಿಸು. ಎದುರಾಳಿ ಹುಡುಗಿಯರನ್ನು ಬಡಿಯಿರಿ ಎಂದು ಹೇಳಿಕೊಡುವ ಕೋಚ್! ಸಾವಿರ ಜನ ಒಂದೇ ಬಾಯಲ್ಲಿ ಬೈಯುತ್ತಿದ್ದರು. ಬರೆದದ್ದನ್ನು ಅಳಿಸಿದೆ. ಆದರೆ ಅಷ್ಟರಲ್ಲಿ ಅದರ ಫೋಟೋ ತೆಗೆದಿದ್ದರು. ನನ್ನ ರಂಗೋಲಿ, ನನ್ನ ನಗುಮುಖ ಸಮೇತ ಅದು ಊರೆಲ್ಲ ಸುತ್ತಿತು. ತಪ್ಪಾಯಿತೆಂದು ಬರೆಯಲು ಕೂತೆ. ಮಧ್ಯೆ ಬಾಯಿ ಹಾಕಿದ ಒಬ್ಬಿಬ್ಬರ ಗತಿ ನೋಡಿದೆ, ಅವರ ಮನೆ ಮಕ್ಕಳನ್ನೂ ಬಿಡದೆ ಉಗಿಯುತ್ತಿದ್ದರು. ಎದೆಗಾರಿಕೆ ಸಾಲಲಿಲ್ಲ. ಫೋನು ಮಗುಚಿಟ್ಟೆ.

ಮರುದಿನ ಸರ್ ತಾವೇ ನಮ್ಮ ಮನೆಗೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ರಂಗೋಲಿಯನ್ನೇ ಸ್ವಲ್ಪ ಹೊತ್ತು ನೋಡಿದರು. “ಚಂದ ಉಂಟು” ಎಂದರು. ಒಳಗೆ ಬಂದು ಕೂತು, ಚಾ ಬೇಡ ಎಂದರು. ಅವರು ಚಾ ಬೇಡ ಎಂದದ್ದು ಅದೇ ಮೊದಲು.

“ನೀವು ಚಂದ ಬರೀತೀರಿ. ಹೊಡಿ ಅಂದ್ರೆ ಬಾಲಿಗೆ ಹೇಳುದು, ಜನರಿಗೆ ಅಲ್ಲ ಅಂತ ಶಾಲೆಗೆ ಒಂದು ಪತ್ರ ಬರ್ದು ಕೊಡಿ.”

“ಯಾರೋ ಗೊತ್ತಿಲ್ಲದೆ ಏನೋ ಬರೆದುಬಿಟ್ಟಿದ್ದಾರೆ ಸರ್” ಎಂದೆ.

“ಹೌದು, ಗೊತ್ತಿಲ್ದೆ ಬರ್ದದ್ದು. ಬರ್ದವ್ರ ಮೇಲೆ ನಂಗೆ ಎಂತ ಸಿಟ್ಟಿಲ್ಲ ಮಾರಾಯ್ರೆ” ಎಂದು ಹೇಳಿ, ಏನನ್ನೋ ಕಾಯುವವರ ಹಾಗೆ ಕೂತರು. ನಾನು ಕಾಗದ ಪೆನ್ನು ಹುಡುಕುವ ನೆಪದಲ್ಲಿ ಒಳಗೆ ಹೋದೆ.

ಪತ್ರ ಚೆನ್ನಾಗಿಯೇ ಬರೆದೆ. ಎರಡು ಪುಟ. ಪಕ್ಕದ ಮನೆಯ ತಮಿಳು ಆಂಟಿಯೂ ತಮ್ಮ ತಮಿಳಿನಲ್ಲಿಯೂ ಗೋಲ್ ‘ಅಡಿ’, ಅಂದರೆ ಹೊಡಿ, ಎಂದೇ ಹೇಳುವುದೆಂದು ಸಹಿ ಹಾಕಿಕೊಟ್ಟರು. ಒಂದೇ ಒಂದು ಸಾಲು ಬರೆಯಲಿಲ್ಲ. ಆ ತಪ್ಪು ಅರ್ಥ ಕೊಟ್ಟವಳು ನಾನೇ ಎಂಬ ಸಾಲು...

ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಅವರ ಜೊತೆ ನಾನೂ ಹೋದೆ. ಒಳ್ಳೆಯ ಹೆಂಗಸು. ಪತ್ರ ಪೂರ್ತಿ ಓದಿದರು. “ಹಿ ಈಸ್ ಎ ಗುಡ್ ಮ್ಯಾನ್, ಐ ನೋ ಲಾ. ಬಟ್ ವಾಟ್ ಟು ಡೂ?” ಎಂದರು, ಇಲ್ಲಿನವರ ಮಾತಿಗೆಲ್ಲ ಬಾಲದಂತೆ ಅಂಟುವ ‘ಲಾ’ ಸೇರಿಸಿ. ಮೇಲಿನ ಆಫೀಸಿನವರೂ ವೀಡಿಯೋ ನೋಡಿದ್ದಾರಂತೆ, ಬೆಳಿಗ್ಗೆಯಿಂದ ಫೋನಂತೆ. ಆಮೇಲೆ ತಮ್ಮ ಫೋನನ್ನು ನಮ್ಮತ್ತ ತಿರುಗಿಸಿದರು. ನನ್ನ ರಂಗೋಲಿ. ಇದನ್ನು ಬರೆದವರೂ ನಿಮ್ಮ ಭಾಷೆಯವರೇ ಅಲ್ಲವೇ, ಇವರ ಮಾತು ನಂಬಲೋ ನಿಮ್ಮದು ನಂಬಲೋ ಎಂದು ಕೇಳಿದರು.

ಆ ಕ್ಷಣ “ಅದು ನಾನೇ” ಎಂದಿದ್ದರೆ... ಸರ್ ಫೋನನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಬರೆದವರಿಗೆ ಫುಟ್‌ಬಾಲ್ ಗೊತ್ತಿರಲಿಕ್ಕಿಲ್ಲ ಎಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿ ಎದ್ದುಬಿಟ್ಟರು.

ಅದೇ ವಾರ ಶಾಲೆಯ ಸುತ್ತೋಲೆ ಬಂತು. ಹೊರಗಿನವರು ಇನ್ನು ಮುಂದೆ ಮಕ್ಕಳಿಗೆ ಆಟ ಕಲಿಸುವಂತಿಲ್ಲ. ಪಂದ್ಯ ನಡೆಯುವಾಗ ದೊಡ್ಡವರು ಗೆರೆಯ ಪಕ್ಕ ಕೂಗುವಂತಿಲ್ಲ. ಮೈದಾನದಲ್ಲಿ ಮಲಯ್ ಮತ್ತು ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುವಂತಿಲ್ಲ. ಗುಂಪಿನಲ್ಲಿ ಜಯಘೋಷ. ಒಂದು ವಾರಕ್ಕೆ ಅವರಿಗೆಲ್ಲ ಅದು ಮರೆತೂ ಹೋಯಿತು, ಬೇರೆ ಯಾವುದೋ ಶಾಲೆಯ ಜೆರ್ಸಿ ಬಣ್ಣದ ಜಗಳ ಹಿಡಿದುಕೊಂಡರು.

ಸರ್ ಕೆಲವು ಶನಿವಾರ ತಂತಿಬೇಲಿಯ ಆಚೆ, ರಸ್ತೆಯಲ್ಲಿ ಬಂದು ನಿಂತರು. ಕೈಯಲ್ಲಿ ಅದೇ ಡಬ್ಬಿ. ವಿರಾಮದಲ್ಲಿ ಹುಡುಗಿಯರು ಬೇಲಿಯ ಸಂದಿಯಿಂದ ಕೈ ಹಾಕಿ ಸೀಬೆ ತೆಗೆದುಕೊಳ್ಳುತ್ತಿದ್ದರು. ಅವರು ಬಾಯಿ ತೆರೆಯುತ್ತಿರಲಿಲ್ಲ. ಚೆಂಡು ಗೋಲಿನ ಹತ್ತಿರ ಹೋದಾಗ ಅವರ ಬಲಗಾಲು ಮಾತ್ರ ಚಪ್ಪಲಿಯೊಳಗೆ ಒಂದಿಷ್ಟು ಅಲುಗುತ್ತಿತ್ತು. ಅದನ್ನೂ ಯಾರೋ ದೂರಿದರು, ಕಾವಲುಗಾರ ಬಂದು ನಾಚಿಕೆಯಿಂದಲೇ ಹೋಗಿ ಎಂದ. ವರ್ಷ ಮುಗಿಯುವುದರೊಳಗೆ ತಂಡವೂ ಕರಗಿಹೋಯಿತು. ನನ್ನ ಮಗಳು ಬೂಟನ್ನು ಚೀಲಕ್ಕೆ ಹಾಕಿ ಕಟ್ಟಿಟ್ಟಳು. ಮನೆಯಲ್ಲಿ ಕನ್ನಡ ಮೊದಲೇ ಇರಲಿಲ್ಲ, ಈಗ ಮೈದಾನದಲ್ಲೂ ಇಲ್ಲವಾಯಿತು.

ಆಮೇಲೆ ಅವರು ಊರಿಗೆ ಹೊರಟರು. ಹೋಗುವ ದಿನ ಪೆಟ್ಟಿಗೆಗಳನ್ನು ಲಿಫ್ಟಿಗೆ ಎಳೆಯುವಾಗಲೂ ರಂಗೋಲಿಯನ್ನು ಬಳಸಿಕೊಂಡೇ ಹೋದರು. ಎರಡು ವರ್ಷದ ಮೇಲೆ ಅವರ ಹೆಂಡತಿಯಿಂದ ಸಂದೇಶ ಬಂತು, ಹೃದಯಾಘಾತ, ಎಲ್ಲ ಮುಗಿದುಹೋಯಿತು ಎಂದು. ‘ಸರ್, ಆವತ್ತು ಬರೆದದ್ದು ನಾನು’ ಎಂಬ ಮಾತು ನನ್ನ ಫೋನಿನಲ್ಲಿ ಅವರಿಗೆ ಕಳಿಸದೆ ಹಾಗೇ ಉಳಿದಿತ್ತು...

ಕಳೆದ ವಾರ ಆ ಗಾಡಿಯಿಂದ ಒಂದು ಚೀಲ ಸೀಬೆ ಕೊಂಡು ಸ್ಟೇಷನ್ನಿನ ಕೆಳಗಿನ ಕಟ್ಟೆಯ ಮೇಲೆ ಕೂತೆವು. ಎರಡು ಹೋಳು ತಿಂದ ಮೇಲೆ ಮಗಳಿಗೆ ಹೇಳಿಬಿಟ್ಟೆ. ಅವಳು ಅಗಿಯುವುದನ್ನು ನಿಲ್ಲಿಸಲಿಲ್ಲ.

“ಐ ನೋ, ಅಮ್ಮ. ವಿ ಆಲ್ ನ್ಯೂ ಲಾ. ಇಟ್ ಹ್ಯಾಡ್ ಯುವರ್ ರಂಗೋಲಿ. ಅಂಕಲ್ ಸಾ ಇಟ್ ಫಸ್ಟ್.”

ಇವಳ ಅಮ್ಮನಿಗೆ ಯಾರೂ ಹೇಳಬಾರದು, ಬಹಳ ನೊಂದುಕೊಳ್ಳುತ್ತಾರೆ ಎಂದು ವೀಡಿಯೋ ಬಂದ ಮರುದಿನ ಬೆಳಿಗ್ಗೆಯೇ ಅವರು ಹುಡುಗಿಯರನ್ನೆಲ್ಲ ಕೂರಿಸಿಕೊಂಡು ಮಾತು ತೆಗೆದುಕೊಂಡಿದ್ದರಂತೆ. ಎಂದರೆ ಪತ್ರ ಕೇಳಲು ನಮ್ಮ ಮನೆಗೆ ಬರುವ ಮೊದಲೇ ಅವರಿಗೆ ಗೊತ್ತಿತ್ತು. ಚಾ ಬೇಡ ಎಂದು ಅಷ್ಟು ಹೊತ್ತು ಅವರು ಕಾದು ಕೂತದ್ದು ಪತ್ರಕ್ಕಲ್ಲ.

ನಾನು ಅಲ್ಲೇ, ಜನ ಓಡಾಡುವ ಜಾಗದಲ್ಲೇ ಅತ್ತೆ. ಮಗಳು ನನ್ನ ಬೆನ್ನ ಮೇಲೆ ಕೈಯಿಟ್ಟಳು. “ಬಿಡಮ್ಮ” ಎಂದಳು. ಎಷ್ಟೋ ವರ್ಷದ ಮೇಲೆ ಅವಳ ಬಾಯಲ್ಲಿ ಆ ಪದ. ಅವರು ಕಲಿಸಿದ ಹಾಗೇ, ಸ್ಪಷ್ಟವಾಗಿ.

ಬಿಡು ಎಂದರೆ ನೀನು ಮುಟ್ಟಬೇಡ, ಹಿಂದೆ ಒಬ್ಬರಿದ್ದಾರೆ, ಅವರು ನೋಡಿಕೊಳ್ಳುತ್ತಾರೆ ಎಂದಲ್ಲವೇ? ನನ್ನ ಹಿಂದೆ ಅವರಿದ್ದರು. ಈಗ ಇಲ್ಲ.